ಮರಕ್ಕೆ ಕೊಟ್ಟಿಗೆ, ಉಳಿಗೆ ಶೀಟ್ ಶೆಡ್: ಹಿತ್ತಲಲ್ಲಿ ಮೂರು ಮಳೆಗಾಲ

ಹಿತ್ತಲಲ್ಲಿ ಮರಗೆಲಸಕ್ಕೆ ಒಂದು ಶೆಡ್ ಹಾಕಬೇಕು ಅಂದುಕೊಂಡವರು ಮೊದಲು ಯೋಚಿಸುವುದು ಮೆಷಿನ್ ಎಲ್ಲಿ ಇಡೋದು ಅಂತ. ನಾನೂ ಹಾಗೇ ಶುರು ಮಾಡಿದೆ. ಆದರೆ ನಮ್ಮ ಕೊಡಗಿನಲ್ಲಿ ಅದು ಎರಡನೇ ಮಾತು. ಮೊದಲು ಕೇಳಬೇಕಾದ್ದು ನಾಟ, ಅಂದರೆ ಕುಯ್ದ ಮರ, ಎಲ್ಲಿ ಇಡೋದು ಅಂತ. ಮೆಷಿನ್ ಹೇಗೋ ಒಂದು ಮೂಲೆಯಲ್ಲಿ ಟಾರ್ಪಾಲ್ ಹೊದ್ದು ಮಳೆಗಾಲ ಕಳೆಯುತ್ತದೆ. ಹಸಿ ಹಲಗೆಗೆ ಅದು ಆಗುವುದಿಲ್ಲ.

ನಮ್ಮ ಮನೆ ನಾಪೋಕ್ಲು ಕಡೆ. ಮೂರು ಎಕರೆ ತೋಟ, ಕಾಫಿ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಸ್ವಲ್ಪ ಅಡಿಕೆ. ಈ ಮೂರು ವರ್ಷದಲ್ಲಿ ನಾಟವನ್ನು ನಾಲ್ಕು ಕಡೆ ಇಟ್ಟು ನೋಡಿದ್ದೇನೆ. ಹೊಸದಾಗಿ ಹಾಕಿಸಿದ ಶೀಟ್ ಶೆಡ್, ಅಪ್ಪನ ಕಾಲದ ದನದ ಕೊಟ್ಟಿಗೆ, ಮೆಣಸು ಒಣಗಿಸುವ ಪ್ಲಾಸ್ಟಿಕ್ ಗೂಡು, ಆಮೇಲೆ ಕುಶಾಲನಗರದಲ್ಲಿರುವ ತಂಗಿ ಮನೆಯ ಕಾರ್ ಶೆಡ್. ಎರಡನೇ ವರ್ಷ ಒಂದೇ ದಿನ ಕುಯ್ಯಿಸಿದ, ಒಂದೇ ದಪ್ಪದ ಹಲಗೆಗಳನ್ನು ನಾಲ್ಕು ಪಾಲು ಮಾಡಿ ನಾಲ್ಕೂ ಕಡೆ ಇಟ್ಟೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಊಹೆ ಅಲ್ಲ, ಮರದ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದ ಲೆಕ್ಕ.

ಮೊದಲ ವರ್ಷದ ಶೀಟ್ ಶೆಡ್

ಎಲ್ಲರೂ ಹೇಳಿದ್ದು ಶೀಟ್ ಶೆಡ್ಡೇ. ಜಿಐ ಪೈಪ್ ಕಂಬ, ಮೇಲೆ ಬಣ್ಣದ ಶೀಟ್, ಸುತ್ತ ನಾಲ್ಕಡಿ ಸಿಮೆಂಟ್ ಬ್ಲಾಕ್, ಅದರ ಮೇಲೂ ಶೀಟ್. ನೆಲಕ್ಕೆ ಕಾಂಕ್ರೀಟ್. 18 ಅಡಿ ಉದ್ದ, 12 ಅಡಿ ಅಗಲ. ಹದಿನೈದು ದಿನದಲ್ಲಿ ಕೆಲಸ ಮುಗಿಯಿತು. ಖರ್ಚು 85 ಸಾವಿರ ಹತ್ತಿರ ಬಂತು. ಬೀಗ ಹಾಕಬಹುದು, ಇಲಿ ಬರುವುದಿಲ್ಲ, ಮಳೆ ಒಳಗೆ ಬರುವುದಿಲ್ಲ. ನನಗೆ ಬಹಳ ಖುಷಿಯಾಗಿತ್ತು.

ಜಾಗದ ಬಗ್ಗೆ ಒಂದು ಮಾತು. ಮನೆ ಹಿಂದೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಸಮತಟ್ಟು ಮಾಡಿದರೆ ಇನ್ನೂ ದೊಡ್ಡ ಶೆಡ್ ಹಾಕಬಹುದು ಅಂತ ಜೆಸಿಬಿಯವರು ಹೇಳಿದರು. ನಾನು ಒಪ್ಪಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಬಂದದ್ದನ್ನು ಕಂಡವರು ಯಾರೂ ಒಂದು ಶೆಡ್ಡಿಗೋಸ್ಕರ ಬರೆಗೆ ಕೈ ಹಾಕಬಾರದು. ಕಾಫಿ ಕಣದ ಒಂದು ಬದಿಯಲ್ಲಿ ಇದ್ದ ಸಮತಟ್ಟು ಜಾಗಕ್ಕೆ ಹೊಂದುವಷ್ಟೇ ಕಟ್ಟಿಸಿದೆ. ಚಿಕ್ಕದಾದರೂ ನೆಮ್ಮದಿಯಿಂದ ನಿದ್ದೆ ಬರುತ್ತದೆ.

ಆ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ನಲವತ್ತು ಹಲಗೆ ತಂದು ಒಳಗೆ ಜೋಡಿಸಿದೆ. ಎಲ್ಲ ಹಸಿ. ಏಪ್ರಿಲ್‌, ಮೇನಲ್ಲಿ ತೊಂದರೆ ಕಾಣಲಿಲ್ಲ. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಬಾಗಿಲು ಹಾಕಿಟ್ಟೆ. ಮಳೆ ಒಳಗೆ ಬರಬಾರದಲ್ವಾ?

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹಳೇ ಗೋಣಿಚೀಲದ ವಾಸನೆ. ಮಾಡಿನ, ಅಂದರೆ ಚಾವಣಿಯ, ಶೀಟಿನ ಒಳಮೈ ತುಂಬ ಸಣ್ಣ ಸಣ್ಣ ನೀರಿನ ಹನಿ. ನೋಡುತ್ತಾ ನಿಂತಾಗಲೇ ಒಂದು ಹನಿ ಜಾರಿ ಪಕ್ಕದ ಹನಿಯನ್ನು ಸೇರಿಸಿಕೊಂಡು ಸ್ಕ್ರೂ ತಲೆಯ ಹತ್ತಿರ ಬಂದು ಹಲಗೆ ಮೇಲೆ ಟಪ್ ಅಂತ ಬಿತ್ತು. ಅದು ಬಿದ್ದ ಜಾಗದಲ್ಲಿ ಆಗಲೇ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕಪ್ಪು ಕಲೆ ಇತ್ತು. ಸುತ್ತ ಬೂದು ಬಣ್ಣದ ಬೂಷ್ಟು. ಬೆರಳಿನಿಂದ ಒರೆಸಿದೆ. ಬೂಷ್ಟು ಹೋಯಿತು, ಅದರ ಕೆಳಗೆ ಮರಕ್ಕೆ ಇಳಿದ ನೀಲಿ ಗೆರೆ ಹೋಗಲಿಲ್ಲ. ಮರ ಕೀಸುವ ಹತ್ತರಿ ಹಾಕಿ ಅರ್ಧ ನೂಲು ತೆಗೆದರೂ ಹೋಗಲಿಲ್ಲ.

ಮಾಡು ಸೋರುತ್ತಿದೆ ಅಂತ ವೆಲ್ಡಿಂಗ್ ಹುಡುಗನಿಗೆ ಫೋನ್ ಮಾಡಿದೆ. ಅವನು ಬಂದು ನೋಡಿ, "ಅಕ್ಕಾ, ಒಂದು ತೂತೂ ಇಲ್ಲ. ಇದು ಒಳಗಿನದೇ ನೀರು" ಅಂದ. ಅವನು ಹೇಳಿದ್ದು ಸರಿ. ಆಮೇಲೆ ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದಾಗ ಅರ್ಥವಾಯಿತು. ಎಂಟಡಿ ಉದ್ದ, ಒಂಬತ್ತಿಂಚು ಅಗಲ, ಒಂದಿಂಚು ದಪ್ಪದ ಹಸಿ ಸಿಲ್ವರ್ ಓಕ್ ಹಲಗೆ 13 ಕಿಲೋ ತೂಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅದೇ ಹಲಗೆ ಎಂಟು ಕಿಲೋ. ಅಂದರೆ ಒಂದು ಹಲಗೆಯಿಂದ ಐದು ಲೀಟರ್ ನೀರು ಹೊರಗೆ ಹೋಗಬೇಕು. ನಲವತ್ತು ಹಲಗೆಗೆ ಇನ್ನೂರು ಲೀಟರ್. ಒಂದು ಡ್ರಮ್ ತುಂಬ ನೀರನ್ನು ಮುಚ್ಚಿದ ಶೆಡ್ಡಿನಲ್ಲಿ ಆವಿ ಮಾಡಲು ಬಿಟ್ಟ ಹಾಗೆ. ರಾತ್ರಿ ಶೀಟ್ ತಣ್ಣಗಾಗುತ್ತದೆ. ಒಳಗಿನ ಹಸಿ ಗಾಳಿ ಅದಕ್ಕೆ ತಗುಲಿ ನೀರಾಗಿ ಮರದ ಮೇಲೇ ಬೀಳುತ್ತದೆ.

ನಲವತ್ತರಲ್ಲಿ ಹದಿನೇಳು ಹಲಗೆ ಸೌದೆಗೆ ಹೋದವು. ಅಷ್ಟು ಒಳ್ಳೆ ಮರವನ್ನು ಒಲೆಗೆ ಹಾಕುವಾಗ ಆದ ಸಂಕಟ ಈಗಲೂ ನೆನಪಿದೆ.

ಆಚಾರಿ ಹೇಳಿದ್ದು

ನಮ್ಮ ಮನೆಗೆ ಕಿಟಕಿ, ಬಾಗಿಲು ಮಾಡಿಕೊಟ್ಟ ಆಚಾರಿ ಒಬ್ಬರಿದ್ದಾರೆ. ಈಗ ಎಪ್ಪತ್ತು ದಾಟಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಒಂದು ವಾರಕ್ಕೆ ಅವರನ್ನು ಕರೆದು ತೋರಿಸಿದೆ. ಶೆಡ್ ಒಳಗೆ ಬಂದವರು ಮೊದಲು ಹಲಗೆ ನೋಡಲೇ ಇಲ್ಲ. ನಾಲ್ಕೂ ಗೋಡೆ ನೋಡಿದರು. ಆಮೇಲೆ ಒಂದು ಹಲಗೆ ಎತ್ತಿ ಕೆನ್ನೆಗೆ ಒತ್ತಿ ಹಿಡಿದರು.

"ತಣ್ಣಗಿದೆ ನೋಡಮ್ಮಾ. ಇನ್ನೂ ನೀರು ಬಿಟ್ಟಿಲ್ಲ."

"ಮಳೆ ನೀರು ಒಂದು ಹನಿ ಬಿದ್ದಿಲ್ಲ ಆಚಾರ್ರೇ."

"ಮಳೆ ಬಿದ್ದರೆ ಒರೆಸಬಹುದು. ಗಾಳಿ ಇಲ್ಲದಿದ್ದರೆ ಏನು ಮಾಡ್ತೀಯ? ದನಕ್ಕೆ ಅಪ್ಪ ಎಂಥಾ ಕೊಟ್ಟಿಗೆ ಕಟ್ಟಿದ್ದರು. ಅದನ್ನು ಬಿಟ್ಟು ಇಲ್ಲಿ ತಂದು ಉಸಿರು ಕಟ್ಟಿಸಿದ್ದೀಯಲ್ಲಾ."

ಆ ಕೊಟ್ಟಿಗೆ ಎಂಟು ವರ್ಷದಿಂದ ಖಾಲಿ ಬಿದ್ದಿತ್ತು. ಹಳೇ ಪೈಪು, ಒಡೆದ ಬಕೆಟ್ಟು, ಸ್ಪ್ರೇ ಕ್ಯಾನ್ ತುಂಬಿಸಿಟ್ಟಿದ್ದೆವು. ಒಂದು ದಿನ ಎಲ್ಲ ಖಾಲಿ ಮಾಡಿ ನಿಂತು ನೋಡಿದೆ. ಹಂಚಿನ ಮಾಡು, ಕಲ್ಲಿನ ಪಾಯ, ಎರಡು ಬದಿ ಅರ್ಧ ಗೋಡೆ. ಅರ್ಧ ಗೋಡೆಯ ಮೇಲೆ ಮಾಡಿನವರೆಗೆ ಅಡಿಕೆ ಮರ ಸೀಳಿದ ದಬ್ಬೆ, ಎರಡು ದಬ್ಬೆ ನಡುವೆ ಒಂದು ಬೆರಳಿನಷ್ಟು ಸಂದು. ಪಡುವಣ ಬದಿಗೆ ಮಾಡು ಮೂರಡಿ ಮುಂದೆ ಚಾಚಿದೆ, ನಮ್ಮಲ್ಲಿ ಮಳೆ ಓರೆಯಾಗಿ ಹೊಡೆಯುವುದು ಆ ಕಡೆಯಿಂದಲೇ.

ಹಂಚಿಗೂ ಶೀಟಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಆಗಲೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಹಂಚು ಮಾಡಲು ಶುರು ಮಾಡಿದರು. ಆ ಬಗೆಯ ಹಂಚೇ ಘಟ್ಟ ಹತ್ತಿ ನಮ್ಮ ಮನೆಗಳ ಮೇಲೆ ಕೂತಿರುವುದು. ಒಂದರ ಮೇಲೊಂದು ಕೂತರೂ ಹಂಚಿನ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಮಳೆ ಕೆಳಗೆ ಇಳಿಯುವುದಿಲ್ಲ, ಒಳಗಿನ ಆವಿ ಮಾತ್ರ ಮೇಲೆ ಹೋಗುತ್ತದೆ. ಮಣ್ಣಿನ ಹಂಚು ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಹನಿ ಕಟ್ಟುವುದಿಲ್ಲ. ಶೀಟಿಗೆ ಈ ಎರಡೂ ಗುಣ ಇಲ್ಲ.

ರಿಪೇರಿಗೆ 32 ಸಾವಿರ ಆಯಿತು. ಒಡೆದ ಹಂಚು ಬದಲಾಯಿಸಿದೆ, ಗೆದ್ದಲು ತಿಂದ ನಾಲ್ಕು ಪಕ್ಕಾಸು, ಒಂದಿಷ್ಟು ರೀಪು ಹೊಸದು ಹಾಕಿಸಿದೆ. ದಬ್ಬೆ ನಮ್ಮ ತೋಟದ್ದೇ.

ಒಂದೇ ಮರ, ನಾಲ್ಕು ಜಾಗ

ಎರಡನೇ ವರ್ಷ ಜನವರಿಯಲ್ಲಿ ತೋಟದ ಅಂಚಿನ ಎರಡು ಸಿಲ್ವರ್ ಓಕ್ ಕಡಿಸಬೇಕಾಯಿತು. ಕರೆಂಟ್ ತಂತಿ ಕಡೆಗೆ ಬಾಗಿದ್ದವು. ನಮ್ಮಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರಿಗೆ ಸಿಲ್ವರ್ ಓಕ್ ದೊಡ್ಡ ಅನುಕೂಲ. ಆಸ್ಟ್ರೇಲಿಯಾದಿಂದ ನೆರಳಿಗೆ ಅಂತ ಬಂದ ಮರ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಕಡಿಯಲು ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ ಹಾಗಲ್ಲ. ಅವು ನಮ್ಮ ತೋಟದಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಇಡುವ ಹಾಗಿಲ್ಲ. ಯಾವ ಮರವೇ ಆಗಲಿ, ಗಾಡಿಗೆ ಹಾಕುವ ಮೊದಲು ಫಾರೆಸ್ಟ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಸಾಮಿಲ್ಲಿನಲ್ಲಿ ಒಂದಿಂಚಿಗೆ ಕುಯ್ಯಿಸಿ 48 ಹಲಗೆ ಬಂತು. ಒಂದೊಂದು ಕಡೆಗೆ ಹನ್ನೆರಡು. ಎಲ್ಲ ಹಲಗೆಯ ಎರಡೂ ತುದಿಗೆ ಹಳೇ ಆಯಿಲ್ ಪೇಂಟ್ ಬಳಿದೆ. ಮರ ತುದಿಯಿಂದಲೇ ಬೇಗ ನೀರು ಬಿಡುತ್ತದೆ, ಅದಕ್ಕೇ ಬಿರುಕು ಶುರುವಾಗುವುದೂ ಅಲ್ಲೇ. ಎರಡು ಮೊಳೆ ಚುಚ್ಚಿ ತೇವ ನೋಡುವ ಸಣ್ಣ ಮೀಟರ್ ತೆಗೆದುಕೊಂಡೆ. ಅದು ತೇವವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಹಸಿ ಇರುವಾಗ 30 ದಾಟಿದ್ದು ತೋರಿಸಿತು. ಅಷ್ಟರ ಮೇಲೆ ಆ ಮೀಟರ್ ಹೇಳುವ ಸಂಖ್ಯೆಯನ್ನು ನಂಬಬೇಕಾಗಿಲ್ಲ. 20ಕ್ಕಿಂತ ಕೆಳಗೆ ಇಳಿದರೆ ಮರ ಕೊಳೆಯುವ ಭಯ ತಪ್ಪಿತು ಅಂತ ಲೆಕ್ಕ. ಮನೆಯೊಳಗಿನ ಸಾಮಾನು ಮಾಡಲು 12ರಿಂದ 14ರ ಆಸುಪಾಸು ಇದ್ದರೆ ನಮ್ಮ ಹವೆಗೆ ಸಾಕು.

ಪ್ಲಾಸ್ಟಿಕ್ ಗೂಡು ಎಲ್ಲಕ್ಕಿಂತ ವೇಗ. ಕಾಫಿ, ಮೆಣಸು ಒಣಗಿಸಲು ಪೈಪ್ ಬಾಗಿಸಿ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರಲ್ಲಾ, ಅದೇ. ಮಾರ್ಚಿನಲ್ಲಿ ಮಧ್ಯಾಹ್ನ ಒಳಗೆ ನಿಲ್ಲಲು ಆಗುವುದಿಲ್ಲ. ಏಪ್ರಿಲ್ ಮಧ್ಯಕ್ಕೆ ಮೀಟರ್ 10 ತೋರಿಸಿತು. ಆದರೆ ಹನ್ನೆರಡರಲ್ಲಿ ಐದು ಹಲಗೆ ತುದಿಯಿಂದ ಒಂದಡಿಯವರೆಗೆ ಸೀಳಿದ್ದವು, ಮೂರು ದೋಣಿ ತರ ಬಾಗಿದ್ದವು. ಹೊರಮೈ ಮೊದಲು ಒಣಗಿ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಹಸಿ. ಎರಡೂ ಒಂದನ್ನೊಂದು ಎಳೆದಾಡಿ ಮರ ಸೀಳುತ್ತದೆ. ಮಳೆಗಾಲದಲ್ಲಿ ಗೂಡಿನ ಒಳಗೆ ಬೆವರು ಇಳಿಯುತ್ತದೆ, ಆಗಸ್ಟಿನಲ್ಲಿ ಅದೇ ಹಲಗೆ 20ಕ್ಕೆ ಏರಿತ್ತು. ಮಂತು, ಸೌಟು, ಸಣ್ಣ ಮಣೆಗೆ ಬೇಕಾದ ತುಂಡುಗಳಿಗೆ ಗೂಡು ಚೆನ್ನಾಗಿದೆ. ಎಂಟಡಿ ಹಲಗೆ ಅಲ್ಲಿ ಇಡಬೇಡಿ.

ಶೀಟ್ ಶೆಡ್ಡಿನಲ್ಲಿ ಈ ಸಲ ಹನ್ನೆರಡೇ ಹಲಗೆ, ಕಿಟಕಿ ತೆಗೆದೇ ಇತ್ತು. ಮೇ ಕೊನೆಗೆ 14. ಕೊಟ್ಟಿಗೆಯಲ್ಲಿ ಅದೇ ಹೊತ್ತಿಗೆ 16. ಅಂದರೆ ಬೇಸಿಗೆಯಲ್ಲಿ ಶೀಟ್ ಶೆಡ್ಡೇ ಮುಂದು. ಬಿಸಿಲಿಗೆ ಶೀಟ್ ಕಾಯುತ್ತದೆ, ಮರ ಬೇಗ ಒಣಗುತ್ತದೆ. ಮಾರ್ಚಿನಲ್ಲಿ ಬಂದು ನೋಡಿದವರು ಶೀಟನ್ನೇ ಹೊಗಳುತ್ತಾರೆ, ಅದರಲ್ಲಿ ತಪ್ಪಿಲ್ಲ.

ಆಗಸ್ಟ್ ಮಧ್ಯಕ್ಕೆ, ಕಕ್ಕಡ ಮುಗಿಯುವ ದಿನಗಳಲ್ಲಿ, ಮತ್ತೆ ಚುಚ್ಚಿ ನೋಡಿದೆ. ಶೀಟ್ ಶೆಡ್ಡಿನಲ್ಲಿ 23. ಕೊಟ್ಟಿಗೆಯಲ್ಲಿ 19. ನಾಲ್ಕೇ ಅಂಕಿ ಅನ್ನಿಸಬಹುದು. ಆದರೆ ಆ ನಾಲ್ಕು ಅಂಕಿಯ ನಡುವೆ ಬೂಷ್ಟು ಹಿಡಿಯುವ ಗೆರೆ ಇದೆ. ಶೀಟ್ ಶೆಡ್ಡಿನ ಹನ್ನೆರಡರಲ್ಲಿ ಏಳಕ್ಕೆ ಬೂಷ್ಟು ಬಂದಿತ್ತು. ಕೊಟ್ಟಿಗೆಯಲ್ಲಿ ತಳದ ಒಂದು ಹಲಗೆಗೆ ಮಾತ್ರ. ಎರಡೂ ಕಡೆ ಹೊರಗಿನ ಗಾಳಿ ಅದೇ, ಅದೇ ಮಂಜು. ಕೊಟ್ಟಿಗೆಯಲ್ಲಿ ಆ ಗಾಳಿ ನಿಲ್ಲುವುದಿಲ್ಲ, ಅಷ್ಟೇ.

ಕುಶಾಲನಗರದ ಕಥೆ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಇಳಿದರೆ ಕುಶಾಲನಗರದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ತಂಗಿ ಮನೆಯ ಕಾರ್ ಶೆಡ್ ಮೂರು ಬದಿ ತೆರೆದದ್ದು, ಮೇಲೆ ಶೀಟು. ಮೇನಲ್ಲಿ 13, ಆಗಸ್ಟಿನಲ್ಲಿ 15. ಒಂದು ಹಲಗೆಯೂ ಹಾಳಾಗಲಿಲ್ಲ. ಹಾಗಾಗಿ ಕುಶಾಲನಗರ, ಕೂಡಿಗೆ, ಹೆಬ್ಬಾಲೆ ಕಡೆಯವರು ಶೀಟಿಗೆ ಹೆದರಬೇಕಾಗಿಲ್ಲ, ಬದಿ ತೆರೆದಿಟ್ಟರೆ ಸಾಕು. ನಾನು ಹೇಳುವ ಕೊಟ್ಟಿಗೆ ಮಾತು ನಾಪೋಕ್ಲು, ಭಾಗಮಂಡಲ, ಮಡಿಕೇರಿ ಕಡೆಯ ಮಳೆಗೆ. ಆದರೂ ಹಲಗೆ ಅಲ್ಲಿ, ಕೆಲಸ ಇಲ್ಲಿ. ಒಂದು ತುಂಡು ಬೇಕೆಂದರೂ ಗಾಡಿ ಮಾಡಬೇಕು. ತಂಗಿಯ ಕಾರು ಒಂದು ವರ್ಷ ಬಿಸಿಲಲ್ಲಿ ನಿಂತಿತು, ಪಾಪ, ಅವಳು ಏನೂ ಅನ್ನಲಿಲ್ಲ.

ಡಿಸೆಂಬರ್ ಹೊತ್ತಿಗೆ ಮತ್ತೆ ನೋಡಿದಾಗ ಕೊಟ್ಟಿಗೆಯದ್ದು 14ಕ್ಕೆ ಇಳಿದಿತ್ತು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಆಚಾರಿಗಳು ಹೇಳುವ ಲೆಕ್ಕಕ್ಕೆ ಸರಿಯಾಗಿ ಕೂತಿತು.

ಗೆದ್ದಲು, ಕುಟ್ಟೆ

ಕೊಟ್ಟಿಗೆಯ ದೊಡ್ಡ ಕೊರತೆ ಮಣ್ಣಿನ ನೆಲ. ಸೆಪ್ಟೆಂಬರಿನಲ್ಲಿ ತಳದ ದಿಂಡಿನ ಪಕ್ಕ ಮಣ್ಣಿನ ಗೆರೆ ಹತ್ತುತ್ತಿರುವುದು ಕಂಡಿತು. ಈ ಲೆಕ್ಕದಲ್ಲಿ ಶೀಟ್ ಶೆಡ್ಡಿನ ಕಾಂಕ್ರೀಟ್ ನೆಲ ಎಷ್ಟೋ ಮೇಲು.

ನೆಲಕ್ಕೆ ಕಾಂಕ್ರೀಟ್ ಹಾಕುವ ಬದಲು ಒಂದೂವರೆ ಅಡಿ ಎತ್ತರದ ಆರು ಸೈಜುಗಲ್ಲು ನಿಲ್ಲಿಸಿದೆ. ಪ್ರತಿ ಕಲ್ಲಿನ ತಲೆಗೆ ಶೀಟಿನ ತುಂಡೊಂದನ್ನು ಅಂಚು ಕೆಳಗೆ ಬಾಗಿಸಿ ಟೋಪಿ ತರ ಹಾಕಿದೆ. ಅದರ ಮೇಲೆ ದಿಂಡು, ದಿಂಡಿನ ಮೇಲೆ ಹಲಗೆ. ಗೆದ್ದಲು ಮೇಲೆ ಬರಬೇಕಾದರೆ ಟೋಪಿಯ ಹೊರಗಿಂದ ಸುತ್ತಿ ಬರಬೇಕು. ಆಗ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ, ಕಂಡರೆ ಕೆರೆದು ಹಾಕುತ್ತೇನೆ. ಒಂದೂವರೆ ಅಡಿ ಎತ್ತರ ಇರುವುದರಿಂದ ಕೆಳಗೂ ಗಾಳಿ ಆಡುತ್ತದೆ. ಈಗ ತಳದ ಹಲಗೆಗೂ ಬೂಷ್ಟು ಬರುವುದಿಲ್ಲ.

ಮರ ಕೊರೆಯುವ ಕುಟ್ಟೆ ಹುಳಕ್ಕೆ ಕೊಟ್ಟಿಗೆ, ಶೆಡ್ ಅಂತ ಭೇದ ಇಲ್ಲ. ಸಿಲ್ವರ್ ಓಕಿನ ಬಿಳಿ ಭಾಗ ಅದಕ್ಕೆ ಬಹಳ ಇಷ್ಟ. ಹಲಗೆ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳ ಇದೆ ಅಂತಲೇ. ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ಸೇರಿಸಿ, ಹತ್ತು ಲೀಟರ್ ಬಿಸಿ ನೀರಿಗೆ ಅರ್ಧ ಕಿಲೋ ಕರಗಿಸಿ, ಕುಯ್ದು ತಂದ ದಿನವೇ ಎಲ್ಲ ಮುಖಕ್ಕೂ ಎರಡು ಸಲ ಬಳಿಯಿರಿ. ಮರ ಹಸಿ ಇರುವಾಗಲೇ ಬಳಿಯಬೇಕು, ಆಗ ಮಾತ್ರ ಉಪ್ಪು ಒಳಗೆ ಇಳಿಯುತ್ತದೆ. ಒಣಗಿದ ಮೇಲೆ ಬಳಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಕೈಗವಸು ಹಾಕಿಕೊಳ್ಳಿ. ಆಮೇಲೆ ಆ ಹಲಗೆ ಮಳೆಯಲ್ಲಿ ನೆನೆದರೆ ಉಪ್ಪೆಲ್ಲ ತೊಳೆದು ಹೋಗುತ್ತದೆ. ಹಲಸಿನ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಇದರ ಅಗತ್ಯ ಬರಲಿಲ್ಲ.

ಗೋಡೆಗೋ, ನೆಲಕ್ಕೋ, ಅಟ್ಟಕ್ಕೋ

ಜಾಗ ಸಾಲದು ಅನ್ನುವವರಿಗೆ ಎಲ್ಲರೂ ಕೊಡುವ ಸಲಹೆ ಗೋಡೆಗೆ ಬ್ರಾಕೆಟ್ ಹಾಕಿ ಅಂತ. ಚಿತ್ರದಲ್ಲಿ ನೋಡಲು ಚೆಂದ. ನಾನು ಶೀಟ್ ಶೆಡ್ಡಿನ ಬ್ಲಾಕ್ ಗೋಡೆಗೆ ಆಂಗಲ್ ಕಬ್ಬಿಣದ ಆರು ಕೈ ಹಾಕಿಸಿದೆ. ಹಸಿ ಹಲಗೆ ಒಂದಕ್ಕೆ 13 ಕಿಲೋ ಅಂದೆನಲ್ಲಾ, ಇಪ್ಪತ್ತು ಹಲಗೆ ಇಟ್ಟರೆ 260 ಕಿಲೋ. ಮೂರನೇ ದಿನ ಎರಡು ಬೋಲ್ಟ್ ಬ್ಲಾಕಿನ ಪುಡಿ ಸಮೇತ ಕಿತ್ತು ಬಂದವು. ಕೆಳಗೆ ಯಾರೂ ಇರಲಿಲ್ಲ, ದೇವರ ದಯೆ. ಟೊಳ್ಳು ಬ್ಲಾಕಿನ ಗೋಡೆಯ ಮೇಲೆ ನಾಟ ತೂಗಬೇಡಿ. ಕೈ ಹಾಕಲೇಬೇಕು ಅಂದರೆ ನೆಲದಿಂದ ಎದ್ದ ಕಂಬಕ್ಕೆ ಹಾಕಿ, ಒಣಗಿದ ಮರ ಮಾತ್ರ ಇಡಿ.

ಗೋಡೆಗೆ ಒರಗಿಸಿ ನಿಲ್ಲಿಸುವುದು ಸುಲಭ, ಬೇಕಾದ್ದನ್ನು ಆರಿಸಿಕೊಳ್ಳಲೂ ಸುಲಭ. ಆದರೆ ಎಂಟಡಿ ಹಲಗೆ ಒಂದು ತಿಂಗಳಲ್ಲಿ ಬಿಲ್ಲಿನಂತೆ ಬಾಗುತ್ತದೆ. ಒಣಗಿದ ತುಂಡುಗಳಿಗೆ ಸರಿ.

ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ ನೆಲದ ಅಟ್ಟಿಯೇ ಒಳ್ಳೆಯದು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮರ ಉಳಿಯುವುದೂ ಹಾಳಾಗುವುದೂ ಇಲ್ಲೇ. ಒಂದು ಸಾಲು ಹಲಗೆ, ಪಕ್ಕಪಕ್ಕದ ಹಲಗೆ ನಡುವೆ ಎರಡು ಬೆರಳು ಸಂದು. ಅದರ ಮೇಲೆ ಅಡ್ಡಡ್ಡ ಒಂದಿಂಚು ಚೌಕದ ಒಣ ಪಟ್ಟಿಗಳು, ಒಂದೂವರೆ ಅಡಿಗೆ ಒಂದರಂತೆ. ಎಂಟಡಿ ಹಲಗೆಗೆ ಆರು ಪಟ್ಟಿ ಬೇಕು. ಅದರ ಮೇಲೆ ಮತ್ತೊಂದು ಸಾಲು. ಕೆಳಗಿನ ಪಟ್ಟಿ ಎಲ್ಲಿದೆಯೋ ಅದರ ನೇರಕ್ಕೇ ಮೇಲಿನ ಪಟ್ಟಿ ಬರಬೇಕು. ನಾನು ಮೊದಲ ಸಲ ಪಟ್ಟಿಗಳನ್ನು ಸುಮ್ನೆ ಅಂದಾಜಿನಲ್ಲಿ ಇಟ್ಟಿದ್ದೆ. ಮೇಲಿನ ಭಾರ ಖಾಲಿ ಜಾಗದ ಮೇಲೆ ಬಿದ್ದು ಮಧ್ಯದ ನಾಲ್ಕು ಹಲಗೆ ಅಲೆ ಅಲೆಯಾದವು. ಈಗ ದಿಂಡಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ. ಪಟ್ಟಿ ಹಸಿ ಇದ್ದರೆ ಅದರ ಕಲೆ ಹಲಗೆಗೆ ಹತ್ತುತ್ತದೆ. ನಾನು ಅಡಿಕೆ ದಬ್ಬೆಯನ್ನೇ ಚೆನ್ನಾಗಿ ಒಣಗಿಸಿ, ಒಂದೇ ದಪ್ಪಕ್ಕೆ ಕೆತ್ತಿ ಬಳಸುತ್ತೇನೆ. ಎಲ್ಲದರ ಮೇಲೆ ನಾಲ್ಕು ಕಲ್ಲು ಹೇರಿದರೆ ಮೇಲಿನ ಸಾಲೂ ನೆಟ್ಟಗೆ ಒಣಗುತ್ತದೆ.

ಜಾಗದ ಲೆಕ್ಕ ಹಾಕುವಾಗ ಈ ಸಂದುಗಳನ್ನು ಮರೆಯಬೇಡಿ. 50 ಘನ ಅಡಿ ಮರಕ್ಕೆ 100 ಘನ ಅಡಿಗಿಂತ ಜಾಸ್ತಿ ಜಾಗ ಬೇಕು. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಅಟ್ಟಿ. ಸುತ್ತ ಒಬ್ಬರು ನಡೆಯುವಷ್ಟು ದಾರಿ. ನಮ್ಮ ಕೊಟ್ಟಿಗೆ 20 ಅಡಿಗೆ 12 ಅಡಿ, ಅದರಲ್ಲಿ ಇಂಥ ಎರಡು ಅಟ್ಟಿ ಆರಾಮಾಗಿ ಕೂತಿವೆ. ಶೀಟ್ ಶೆಡ್ಡಿನಲ್ಲಿ ಒಂದು ಅಟ್ಟಿ ಇಟ್ಟರೆ ಕೆಲಸಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಗಾಳಿಯ ಮಾತು ಬಿಟ್ಟರೂ ಇದೊಂದೇ ಕಾರಣಕ್ಕೆ ನಾಟ ಬೇರೆ ಕಡೆ ಹೋಗಬೇಕಿತ್ತು.

ಇನ್ನು ಅಟ್ಟ. ಕೊಟ್ಟಿಗೆಯ ತೊಲೆಗಳ ಮೇಲೆ, ಹಂಚಿನ ಕೆಳಗೆ, ಎಂಟು ಹಲಗೆ ಇಟ್ಟಿದ್ದೇನೆ. ಇಡೀ ಕೊಟ್ಟಿಗೆಯಲ್ಲಿ ಅತಿ ಒಣ ಜಾಗ ಅದೇ. ಆದರೆ ಒಬ್ಬರೇ ಎತ್ತಲು ಆಗುವುದಿಲ್ಲ. ಬೇಗ ಬೇಡದ ಒಳ್ಳೆ ಮರಕ್ಕೆ ಆ ಜಾಗ ಮೀಸಲು.

ಉಳಿ, ಹತ್ತರಿ, ಮೆಷಿನ್

ಕೊಟ್ಟಿಗೆಯೇ ಇಷ್ಟು ಚೆನ್ನಾಗಿದ್ದರೆ ಕೆಲಸವೂ ಅಲ್ಲೇ ಮಾಡಬಹುದಲ್ಲಾ ಅಂತ ಒಂದು ಮಳೆಗಾಲ ಮೇಜನ್ನು ಅಲ್ಲಿಗೇ ಸಾಗಿಸಿದೆ. ಹತ್ತೇ ದಿನಕ್ಕೆ ಹತ್ತರಿಯ ಅಲಗು ಕಂದು ಬಣ್ಣಕ್ಕೆ ತಿರುಗಿತು. ಉಳಿಗಳ ಬೆನ್ನಿಗೆ ಚುಕ್ಕೆ ಚುಕ್ಕೆ ತುಕ್ಕು. ಮರವನ್ನು ಉಳಿಸಿದ ಅದೇ ಗಾಳಿ ಕಬ್ಬಿಣವನ್ನು ತಿಂದಿತು. ರಾತ್ರಿ ಮಂಜು ದಬ್ಬೆಯ ಸಂದಿನಿಂದ ನೇರ ಒಳಗೆ ಬರುತ್ತದೆ. ಮರ ಅದನ್ನು ಸ್ವಲ್ಪ ಹೀರಿ ಹಗಲು ಬಿಡುತ್ತದೆ. ಕಬ್ಬಿಣದ ಮೇಲೆ ಅದು ನೀರಾಗಿ ಕೂತುಬಿಡುತ್ತದೆ.

ಹಾಗಾಗಿ ಕಬ್ಬಿಣ ಶೀಟ್ ಶೆಡ್ಡಿಗೆ ವಾಪಸ್ ಹೋಯಿತು. ಹಸಿ ಮರ ಹೊರಗೆ ಹೋದ ಮೇಲೆ ಆ ಶೆಡ್ ಬೇರೆಯೇ ಆಗಿಬಿಟ್ಟಿತ್ತು. ಮಾಡಿನಿಂದ ಹನಿ ಬೀಳುವುದು ಬಹುಮಟ್ಟಿಗೆ ನಿಂತಿತು, ನೀರು ಬಿಡುತ್ತಿದ್ದ ಮರವೇ ಒಳಗೆ ಇಲ್ಲವಲ್ಲ. ಉಳಿಗಳನ್ನು ಹೊಲಿಗೆ ಮೆಷಿನ್ನಿನ ಎಣ್ಣೆ ಒರೆಸಿದ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ್ದೆ, ಸ್ವಲ್ಪ ದಿನಕ್ಕೆ ಅಂಟಂಟಾಗುತ್ತದೆ. ಟೇಬಲ್ ಗರಗಸದ ಹಾಸಿಗೆ ಮೇಣ ಉಜ್ಜಿಟ್ಟರೆ ತುಕ್ಕೂ ಬರುವುದಿಲ್ಲ, ಹಲಗೆಯೂ ಸಲೀಸಾಗಿ ಜಾರುತ್ತದೆ.

ಶೀಟಿನ ಗದ್ದಲದ ಬಗ್ಗೆ ಕೇಳುತ್ತೀರಿ. ಹೌದು, ಜುಲೈ ಮಳೆಗೆ ಒಳಗೆ ಮಾತಾಡಿದರೆ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಮೆಷಿನ್ ಕೆಲಸ ಮಾಡುವುದಿಲ್ಲ, ಕರೆಂಟೂ ಸಾಮಾನ್ಯವಾಗಿ ಇರುವುದಿಲ್ಲ. ಕೈಕೆಲಸ ಮಾಡುತ್ತೇನೆ.

ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮಾತ್ರ ಯಾವ ಶೆಡ್ಡಿನಲ್ಲೂ ತಪ್ಪಿಸಬೇಡಿ. ಸಿಲ್ವರ್ ಓಕಿನ ಪುಡಿ ಕೆಲವರಿಗೆ ಮೈ ಕೆರೆತ ತರುತ್ತದೆ, ನನ್ನ ಮೊಣಕೈ ಒಳಗೆ ಕೆಂಪು ಗಂದೆ ಎದ್ದಿತ್ತು. ತುಂಬು ತೋಳಿನ ಅಂಗಿ ಹಾಕಿದ ಮೇಲೆ ಬರಲಿಲ್ಲ. ಈ ಕೆರೆತ ಇದ್ದರೂ ಆ ಮರ ನನಗೆ ಇಷ್ಟ. ದಿಮ್ಮಿಯನ್ನು ನಾಲ್ಕು ಸೀಳು ಮಾಡಿ, ತಿರುಳಿನಿಂದ ಹೊರಗೆ ಬರುವ ಹಾಗೆ ಕುಯ್ದರೆ ಹಲಗೆಯ ಮೈಮೇಲೆ ಹಾವಿನ ಪೊರೆಯಂಥ ಮಿಂಚು ಬರುತ್ತದೆ. ಸಾಮಿಲ್ಲಿನವರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಹಾಗೆ ಕುಯ್ಯುವುದಿಲ್ಲ.

ಈಗ ನಡೆಯುತ್ತಿರುವುದು

ಹೊಸದಾಗಿ ಮಾಡುವವರು ನನ್ನನ್ನು ಕೇಳಿದರೆ, 85 ಸಾವಿರವನ್ನು ಒಂದೇ ಶೆಡ್ಡಿಗೆ ಹಾಕಬೇಡಿ ಅನ್ನುತ್ತೇನೆ. ಕೆಲಸಕ್ಕೆ 10 ಅಡಿಗೆ 12 ಅಡಿ ಶೀಟ್ ಶೆಡ್ ಸಾಕು. ಬಾಗಿಲು ಉದ್ದದ ಬದಿಗೆ ಇರಲಿ, ಎಂಟಡಿ ಹಲಗೆ ತಿರುಗಿಸಲು ಬೇಕು. ಉಳಿದ ದುಡ್ಡಿನಲ್ಲಿ ಗಾಳಿ ಆಡುವ ನಾಟದ ಕೊಟ್ಟಿಗೆ ಕಟ್ಟಿ. ಹಳೇ ಹಂಚು ಮನೆ ಕೀಳುವ ಕಡೆ ಕಡಿಮೆಗೆ ಸಿಗುತ್ತದೆ. ಹಂಚು ಹೊಂದದಿದ್ದರೆ ಶೀಟೇ ಹಾಕಿ, ಬದಿಗೆ ಮಾತ್ರ ದಬ್ಬೆ ಇರಲಿ, ಮಾಡಿನ ಎರಡೂ ತುದಿ ತೆರೆದಿರಲಿ, ಪಡುವಣಕ್ಕೆ ಮೂರಡಿ ಚಾಚು ಬಿಡಿ. ಸಂದು ಜಾಸ್ತಿ ಆಯ್ತು, ಮಳೆ ಎರಚಲು ಬರುತ್ತೆ ಅಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಬದಿಗೆ ಮಾತ್ರ ಹಸಿರು ನೆಟ್ ಕಟ್ಟಿ. ಟಾರ್ಪಾಲ್ ಕಟ್ಟಬೇಡಿ, ಗಾಳಿ ನಿಂತುಹೋಗುತ್ತದೆ.

ಕೊಟ್ಟಿಗೆಯಿಂದ ಶೆಡ್ಡಿಗೆ ಹದಿನಾಲ್ಕು ಹೆಜ್ಜೆ. ಕೆಲಸ ಶುರು ಮಾಡುವ ಎರಡು ವಾರ ಮೊದಲು ಬೇಕಾದ ಹಲಗೆಗಳನ್ನು ಮಾತ್ರ ಈಚೆ ತಂದು ಪಟ್ಟಿ ಇಟ್ಟು ಮಲಗಿಸುತ್ತೇನೆ. ಶೆಡ್ಡಿನ ಹವೆಗೆ ಹೊಂದಿಕೊಂಡ ಮೇಲೆ ಗರಗಸ ಮುಟ್ಟುವುದು.

ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಹಲಸಿನ ಕೊಂಬೆಯಿಂದ ಕುಯ್ಯಿಸಿದ ಎರಡಿಂಚು ಹಲಗೆಗಳು ಹೋದ ವಾರ ಹಾಗೆ ಈಚೆ ಬಂದವು. ಕುಯ್ದಾಗ ಅರಿಶಿನದ ಬಣ್ಣ ಇತ್ತು, ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಮೀಟರ್ 13 ತೋರಿಸಿತು. ಆಚಾರಿಗೆ ಫೋನ್ ಮಾಡಿ ಹೇಳಿದೆ. ಅವರು ಸಂಖ್ಯೆ ಕೇಳಲಿಲ್ಲ. "ಕೆನ್ನೆಗೆ ಇಟ್ಟು ನೋಡಿದೆಯಾ?" ಅಂತ ಕೇಳಿದರು. ನೋಡಿದ್ದೆ. ಬೆಚ್ಚಗಿತ್ತು. ಅದರಲ್ಲಿ ತಂಗಿಗೆ ಊಟದ ಮೇಜು ಆಗುತ್ತಿದೆ.